ಟೆರಿಗೂ ಸ್ಪಿಟ್ಜ್‌ಗೂ ಸಲ್ಲದೆ ಉಳಿದ ಗೌರವ: ಆಸ್ಕರ್ ಅಕಾಡೆಮಿಗೆ ಒಂದು ಬಹಿರಂಗ ಪತ್ರ

ಗೆ,
ಆಡಳಿತ ಮಂಡಳಿಯ ಮಾನ್ಯ ಸದಸ್ಯರು,
ಅಕಾಡೆಮಿ ಆಫ್ ಮೋಷನ್ ಪಿಕ್ಚರ್ ಆರ್ಟ್ಸ್ ಅಂಡ್ ಸೈನ್ಸಸ್,
ಬೆವರ್ಲಿ ಹಿಲ್ಸ್, ಕ್ಯಾಲಿಫೋರ್ನಿಯಾ

ವಿಷಯ: ನಾಯಿ ಟೆರಿ ಮತ್ತು ಅದರ ತರಬೇತುದಾರ ಕಾರ್ಲ್ ಸ್ಪಿಟ್ಜ್ ಅವರಿಗೆ ಮರಣೋತ್ತರ ಗೌರವ ಸಲ್ಲಿಸುವ ಬಗ್ಗೆ ಹಾಗೂ ಪ್ರಾಣಿ ತರಬೇತುದಾರರ ಕಲೆಗೆ ನಿಮ್ಮ ಪ್ರಶಸ್ತಿಗಳಲ್ಲಿ ಜಾಗ ಕೊಡುವ ಬಗ್ಗೆ.

ಮಾನ್ಯರೇ,

ನಿಮ್ಮ ಪ್ರಶಸ್ತಿ ಸಮಾರಂಭ ನಡೆಯುವ ಹೊತ್ತಿಗೆ ನಮ್ಮಲ್ಲಿ ಸೋಮವಾರದ ಬೆಳಗು. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೂ ಟಿ.ವಿ. ಮುಂದೆ ಕೂರುವ ಕನ್ನಡಿಗರಲ್ಲಿ ನಾನೂ ಒಬ್ಬಳು. ನಿಮ್ಮ ಸಂಸ್ಥೆಯ ಮೇಲೆ ನನಗಿರುವ ಗೌರವ ದೊಡ್ಡದು. ಆ ಗೌರವದ ಸಲುಗೆಯಿಂದಲೇ ಈ ದೂರನ್ನು ನೇರವಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಊರಿನಲ್ಲೇ ದುಡಿದು, ನಿಮ್ಮ ಊರಿನಲ್ಲೇ ಸತ್ತ ಒಂದು ಜೀವಕ್ಕೆ ಮತ್ತು ಅದನ್ನು ತಿದ್ದಿ ತೀಡಿದ ಒಬ್ಬ ಮನುಷ್ಯನಿಗೆ ಸಲ್ಲಬೇಕಾದದ್ದು ಇವತ್ತಿಗೂ ಸಂದಿಲ್ಲ. ಈಗಲಾದರೂ ಸಲ್ಲಿಸಿ ಎಂಬುದು ನನ್ನ ಬೇಡಿಕೆ.

ಆ ಜೀವದ ಹೆಸರು ಟೆರಿ. ಕೆರ್ನ್ ಟೆರಿಯರ್ ಜಾತಿಯ ಪುಟ್ಟ ಹೆಣ್ಣು ನಾಯಿ. ಹುಟ್ಟಿದ್ದು 1933ರ ನವೆಂಬರ್‌ನಲ್ಲಿ. ಜಗತ್ತಿನ ಬಹುಪಾಲು ಜನರಿಗೆ ಈ ಹೆಸರು ಗೊತ್ತಿಲ್ಲ. 1939ರ ‘ದಿ ವಿಜರ್ಡ್ ಆಫ್ ಓಜ್’ ಚಿತ್ರದಲ್ಲಿ ನಾಯಕಿ ಡೊರೋತಿಯ ನಾಯಿ ಟೋಟೋ ಎಂದರೆ ಮಾತ್ರ ಮುಖ ಅರಳುತ್ತದೆ. ಚಿತ್ರದ ಕೊನೆಯ ನಾಮಾವಳಿಯಲ್ಲಿ ಟೋಟೋ ಪಾತ್ರ ಮಾಡಿದವರು ಯಾರು ಎಂಬಲ್ಲಿಯೂ ‘ಟೋಟೋ’ ಎಂದೇ ಇದೆ. ಮುಂದೆ ಮಾಲೀಕರೂ ಅದರ ಹೆಸರನ್ನು ಟೋಟೋ ಎಂದೇ ಬದಲಾಯಿಸಿದರು. ಪಾತ್ರ ಗೆದ್ದಿತು, ಪಾತ್ರಧಾರಿಯ ಹೆಸರು ಅಳಿಸಿಹೋಯಿತು.

ಟೆರಿ ಒಂದೇ ಚಿತ್ರದ ಅದೃಷ್ಟದ ನಾಯಿ ಎಂದು ತಿಳಿದವರೂ ಇದ್ದಾರೆ. ವರ್ಷ ತುಂಬುವ ಹೊತ್ತಿಗಾಗಲೇ ಅದು ಕ್ಯಾಮೆರಾದ ಮುಂದಿತ್ತು. 1934ರ ‘ಬ್ರೈಟ್ ಐಸ್’ ಚಿತ್ರದಲ್ಲಿ ಬಾಲತಾರೆ ಶೆರ್ಲಿ ಟೆಂಪಲ್ ಜೊತೆ ರ‍್ಯಾಗ್ಸ್ ಎಂಬ ನಾಯಿಯಾಗಿ ನಟಿಸಿತು. 1936ರಲ್ಲಿ ನಿರ್ದೇಶಕ ಫ್ರಿಟ್ಜ್ ಲಾಂಗ್ ಅಮೆರಿಕದಲ್ಲಿ ತೆಗೆದ ಮೊದಲ ಚಿತ್ರ ‘ಫ್ಯೂರಿ’ಯಲ್ಲಿ ನಟ ಸ್ಪೆನ್ಸರ್ ಟ್ರೇಸಿಯ ಜೊತೆಗಾರ ನಾಯಿ ರೇನ್‌ಬೋ ಆಯಿತು. ಮಾಡದ ತಪ್ಪಿಗೆ ಸೆರೆಯಾದ ನಾಯಕನ ಜೈಲಿಗೆ ಊರಿನ ಜನ ಬೆಂಕಿ ಹಚ್ಚುವಾಗ ಆ ನಾಯಿಯೂ ಸಾಯುತ್ತದೆ; ನಾಯಕ ಬದುಕಿ ಬಂದ ಮೇಲೆ ಅವನ ಸಿಟ್ಟಿಗೆ ಆ ಸಾವೂ ಒಂದು ಕಾರಣ. 1942ರಲ್ಲಿ ಟ್ರೇಸಿಯ ಇನ್ನೊಂದು ಚಿತ್ರ ‘ಟಾರ್ಟಿಲಾ ಫ್ಲಾಟ್’ನಲ್ಲೂ ಕಾಣಿಸಿಕೊಂಡಿತು. ಹತ್ತು ಹನ್ನೆರಡು ವರ್ಷ ಬದುಕುವ ಪ್ರಾಣಿಯೊಂದು ಅಷ್ಟರಲ್ಲೇ ಇಷ್ಟು ದೊಡ್ಡ ನಟರ ಸಮಕ್ಕೆ ನಿಂತು ದುಡಿದಿದೆ.

ಇದರ ಹಿಂದೆ ಇದ್ದವರು ಕಾರ್ಲ್ ಸ್ಪಿಟ್ಜ್. ಜರ್ಮನಿಯಿಂದ ಬಂದು ಹಾಲಿವುಡ್‌ನಲ್ಲಿ ನಾಯಿಗಳ ತರಬೇತಿ ಶಾಲೆ ತೆರೆದವರು. ಟೆರಿಯನ್ನು ಅವರೇನೂ ಹುಡುಕಿ ತಂದದ್ದಲ್ಲ. ಮನೆಯ ಜಮಖಾನೆ ಒದ್ದೆ ಮಾಡುತ್ತದೆ, ಅಭ್ಯಾಸ ಬಿಡಿಸಿ ಕೊಡಿ ಎಂದು ಯಾರೋ ದಂಪತಿ ತಂದುಬಿಟ್ಟಿದ್ದರು. ವಾಪಸು ಕರೆದೊಯ್ಯಲು ಬರಲೇ ಇಲ್ಲ. ಬೇಡವಾದ ಮರಿಯನ್ನು ಸ್ಪಿಟ್ಜ್ ಇಟ್ಟುಕೊಂಡರು, ಕಲಿಸಿದರು.

ಅವರು ಕಲಿಸಿದ್ದು ಏನು ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ಹೇಳುತ್ತೇನೆ, ಏಕೆಂದರೆ ನನ್ನ ದೂರಿನ ಬುಡ ಇರುವುದು ಇಲ್ಲೇ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾ ಓಡುತ್ತಿರುವಾಗಲೇ ತರಬೇತುದಾರ ಕೂಗಿ ಹೇಳಬಹುದಿತ್ತು: ಕೂರು, ಬಾ, ಬೊಗಳು. 1920ರ ದಶಕದ ಕೊನೆಗೆ ಟಾಕಿ ಬಂತು. ಮೈಕ್ ಎಲ್ಲವನ್ನೂ ಹಿಡಿದುಕೊಳ್ಳತೊಡಗಿತು. ಕೂಗುವ ದಾರಿ ಮುಚ್ಚಿಹೋಯಿತು. ಸ್ಪಿಟ್ಜ್ ಮಾತನ್ನೇ ಕೈಬಿಟ್ಟು ಕೈಸನ್ನೆಗಳ ಪಾಠ ಕಟ್ಟಿದರು. ದೀಪಗಳ ಬಿಸಿ, ತಂತ್ರಜ್ಞರ ಗುಂಪು, ಬೃಹತ್ ಫ್ಯಾನುಗಳ ಗಾಳಿ ಇವೆಲ್ಲದರ ನಡುವೆ ನಾಯಿ ದೂರದಲ್ಲಿರುವ ಒಂದು ಕೈಯನ್ನು ಓದಬೇಕು. ಓದಿದ್ದು ತೆರೆಯ ಮೇಲೆ ಕಾಣಲೂ ಬಾರದು. ಅದರ ಕಣ್ಣು ನಾಯಕಿಯನ್ನೇ ನೋಡುತ್ತಿದೆ ಎಂದು ಪ್ರೇಕ್ಷಕನಿಗೆ ಅನ್ನಿಸಬೇಕು. ತರಬೇತುದಾರ ಎಲ್ಲಿ ನಿಲ್ಲಬೇಕು, ಯಾವ ಕ್ಷಣಕ್ಕೆ ಬೆರಳು ಎತ್ತಬೇಕು ಎಂಬುದೆಲ್ಲ ಛಾಯಾಗ್ರಾಹಕನ ಲೆಕ್ಕಾಚಾರದಷ್ಟೇ ಸೂಕ್ಷ್ಮ.

‘ಓಜ್’ ಚಿತ್ರದ ‘ಓವರ್ ದಿ ರೈನ್‌ಬೋ’ ಹಾಡನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಈ ಸಲ ಡೊರೋತಿಯಾಗಿ ಹಾಡುವ ಜೂಡಿ ಗಾರ್ಲೆಂಡ್ ಅವರ ಮುಖ ಬಿಟ್ಟು ನಾಯಿಯನ್ನು ಮಾತ್ರ ನೋಡಿ. ಕನ್ಸಾಸ್‌ನ ಹೊಲದಂಗಳ, ಕಂದು ಛಾಯೆಯ ಚಿತ್ರ. ಹಳೆಯ ಬೇಸಾಯ ಯಂತ್ರವೊಂದರ ಆಸನದ ಮೇಲೆ ಟೆರಿ ಕೂತಿದೆ. ಎತ್ತರದ, ಕಾಲೂರಲು ಇಕ್ಕಟ್ಟಾದ ಜಾಗ. ಅಲುಗಾಡುವುದಿಲ್ಲ, ಇಳಿಯಲು ಚಡಪಡಿಸುವುದಿಲ್ಲ. ಹುಡುಗಿ ಹಾಡುತ್ತಿದ್ದಂತೆ ತಲೆಯೆತ್ತಿ ಅವಳತ್ತ ನೋಡುತ್ತದೆ, ಅವಳು ಹತ್ತಿರ ಬಂದಾಗ ಮುಂಗಾಲು ಕೊಡುತ್ತದೆ. ಆ ಹಾಡಿನಲ್ಲಿ ಡೊರೋತಿಯ ಮಾತು ಕೇಳಿಸಿಕೊಳ್ಳುವ ಜೀವ ಇನ್ನೊಂದಿಲ್ಲ. ದೊಡ್ಡವರು ಯಾರೂ ಕೇಳದ ಮಾತನ್ನು ಅವಳು ಹೇಳುತ್ತಿರುವುದು ಆ ನಾಯಿಗೆ. ಟೆರಿ ಅಲ್ಲಿ ಆಕಳಿಸಿದ್ದರೆ, ಮುಖ ತಿರುಗಿಸಿದ್ದರೆ ಆ ಹಾಡು ಹಾಗೆ ನಿಲ್ಲುತ್ತಿತ್ತೆ? ಹೆರಾಲ್ಡ್ ಆರ್ಲನ್ ಅವರ ರಾಗಕ್ಕೂ ಯಿಪ್ ಹಾರ್ಬರ್ಗ್ ಅವರ ಸಾಹಿತ್ಯಕ್ಕೂ ನೀವು ಆಸ್ಕರ್ ಕೊಟ್ಟಿರಿ. ನ್ಯಾಯವಾಗಿಯೇ ಕೊಟ್ಟಿರಿ.

ಮಾಟಗಾತಿಯ ಕೋಟೆಯಿಂದ ತಪ್ಪಿಸಿಕೊಳ್ಳುವ ದೃಶ್ಯ ಇನ್ನೊಂದು ಬಗೆಯದು. ಸೇತುವೆ ಮೇಲೇಳುತ್ತಿದೆ, ಹಿಂದೆ ಕಾವಲುಗಾರರು. ಟೆರಿ ಏರುತ್ತಿರುವ ಹಲಗೆಯ ಮೇಲೆ ಓಡಿ, ಆಚೆ ಬದಿಗೆ ಹಾರಿ, ಬಂಡೆಗಳ ನಡುವೆ ಪಾರಾಗುತ್ತದೆ. ಕಥೆಯನ್ನು ಮುಂದಕ್ಕೆ ಒಯ್ಯುವುದೂ ಅದೇ: ಡೊರೋತಿಯ ಮೂವರು ಗೆಳೆಯರನ್ನು ಕೋಟೆಗೆ ಕರೆತರುವುದು ನಾಯಿ. ಕೊನೆಗೆ ಪರದೆ ಎಳೆದು ಮಾಂತ್ರಿಕನ ಬಣ್ಣ ಬಯಲು ಮಾಡುವುದೂ ನಾಯಿ. ಇದನ್ನು ಪೋಷಕ ಪಾತ್ರ ಅನ್ನದೆ ಇನ್ನೇನನ್ನಬೇಕು?

ಈಗ ನಿಮ್ಮದೇ ದಾಖಲೆಗಳಿಗೆ ಬರುತ್ತೇನೆ.

1935ರ ಫೆಬ್ರವರಿಯಲ್ಲಿ ನೀವು ಶೆರ್ಲಿ ಟೆಂಪಲ್‌ಗೆ ಒಂದು ವಿಶೇಷ ಪ್ರಶಸ್ತಿ ಕೊಟ್ಟಿರಿ. ಪುಟ್ಟ ಮಗು ದೊಡ್ಡ ನಟಿಯರ ಜೊತೆ ಸ್ಪರ್ಧಿಸುವುದು ಹೇಗೆ ಎಂಬ ತೊಡಕನ್ನು ನೀವೇ ಬಿಡಿಸಿದಿರಿ: ಬಾಲನಟರಿಗೆಂದೇ ಒಂದು ಕಿರು ಪ್ರತಿಮೆ ಮಾಡಿಸಿದಿರಿ. 1938ರ ಮಾರ್ಚ್‌ನಲ್ಲಿ ಎಡ್ಗರ್ ಬರ್ಗನ್ ಅವರನ್ನು ಗೌರವಿಸಿದಿರಿ. ಅವರು ಚಾರ್ಲಿ ಮೆಕಾರ್ಥಿ ಎಂಬ ಮಾತನಾಡುವ ಗೊಂಬೆಯನ್ನು ಸೃಷ್ಟಿಸಿದವರು. ಗೊಂಬೆ ಮರದ್ದಾದ್ದರಿಂದ ಪ್ರತಿಮೆಯನ್ನೂ ಮರದಲ್ಲೇ ಮಾಡಿಸಿ, ಅದರ ಬಾಯಿ ಆಡುವ ಹಾಗೆ ಜೋಡಿಸಿ ಕೊಟ್ಟಿರಿ. 1939ರ ಫೆಬ್ರವರಿಯಲ್ಲಿ ವಾಲ್ಟ್ ಡಿಸ್ನಿ ಅವರ ‘ಸ್ನೋ ವೈಟ್’ ಚಿತ್ರಕ್ಕೆ ಒಂದು ದೊಡ್ಡ ಪ್ರತಿಮೆ, ಜೊತೆಗೆ ಏಳು ಚಿಕ್ಕ ಪ್ರತಿಮೆಗಳನ್ನು ಕೊಟ್ಟಿರಿ. ವೇದಿಕೆಯಲ್ಲಿ ಅವನ್ನು ಡಿಸ್ನಿ ಅವರ ಕೈಗಿತ್ತವಳು ಶೆರ್ಲಿ ಟೆಂಪಲ್. ಅದೇ ಹೊತ್ತಿಗೆ ಎಂಜಿಎಂ ಸ್ಟುಡಿಯೋದಲ್ಲಿ ‘ಓಜ್’ ಚಿತ್ರೀಕರಣ ಇನ್ನೂ ನಡೆಯುತ್ತಿತ್ತು. ಅದು ಮುಗಿದದ್ದು ಮಾರ್ಚ್‌ನಲ್ಲಿ. 1940ರ ಫೆಬ್ರವರಿಯಲ್ಲಿ ಜೂಡಿ ಗಾರ್ಲೆಂಡ್‌ಗೂ ಬಾಲನಟರ ಕಿರು ಪ್ರತಿಮೆ ಸಂದಿತು.

ಈ ಸಾಲನ್ನು ಒಟ್ಟಿಗಿಟ್ಟು ನೋಡಿ ಎಂಬುದು ನನ್ನ ವಿನಂತಿ. ಟೆರಿಯ ಜೊತೆ ನಟಿಸಿದ ಇಬ್ಬರು ಹುಡುಗಿಯರಿಗೆ ಪ್ರಶಸ್ತಿ ಬಂತು. ಮರದ ಗೊಂಬೆ ಆಡಿಸಿದವರಿಗೆ ಬಂತು. ಕಾಗದದ ಮೇಲೆ ಬರೆದ ಏಳು ಕುಳ್ಳರ ಲೆಕ್ಕಕ್ಕೂ ಏಳು ಪ್ರತಿಮೆ ಬಂತು. ಇವುಗಳಲ್ಲಿ ಒಂದನ್ನೂ ನಾನು ಆಕ್ಷೇಪಿಸುವುದಿಲ್ಲ. ಪ್ರತಿಯೊಂದೂ ದೊಡ್ಡ ಮನಸ್ಸಿನ ತೀರ್ಮಾನ. ಪ್ರತಿಮೆಯ ಗಾತ್ರ ಬದಲಿಸಲು, ಲೋಹ ಬಿಟ್ಟು ಮರ ಬಳಸಲು ನಿಮಗೆ ಆಗ ಯಾವ ನಿಯಮವೂ ಅಡ್ಡ ಬರಲಿಲ್ಲ. ಉಸಿರಾಡುವ ಒಂದು ನಾಯಿಯ ವಿಷಯಕ್ಕೆ, ಅದಕ್ಕೆ ಸನ್ನೆಯ ಭಾಷೆ ಕಲಿಸಿದ ಮನುಷ್ಯನ ವಿಷಯಕ್ಕೆ ಮಾತ್ರ ಆ ಜಾಣ್ಮೆ ಏಕೆ ಕೆಲಸ ಮಾಡಲಿಲ್ಲ?

ಟೆರಿಯ ಮಾತು ಬಂದಾಗಲೆಲ್ಲ ಅದರ ಸಂಬಳದ ಕಥೆ ಹೇಳಿ ನಗುವ ರೂಢಿಯಿದೆ. ‘ಓಜ್’ ಚಿತ್ರಕ್ಕೆ ಅದಕ್ಕೆ ವಾರಕ್ಕೆ 125 ಡಾಲರ್ ಗೊತ್ತಾಗಿತ್ತು. ಓಜ್ ನಾಡಿನ ಪುಟ್ಟ ಜನರಾದ ಮಂಚ್ಕಿನ್‌ಗಳಾಗಿ ನಟಿಸಿದ ಕುಳ್ಳ ದೇಹದ ಕಲಾವಿದರ ಕೈಗೆ ಸೇರುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆ. ಇದು ನಗುವ ವಿಷಯವಲ್ಲ. ನೂರಕ್ಕೂ ಹೆಚ್ಚು ಕಲಾವಿದರಿಗೆ ನಾಮಾವಳಿಯಲ್ಲಿ ತಂಡದ ಒಂದೇ ಹೆಸರು ಹಾಕಿ ಕೈತೊಳೆದುಕೊಂಡದ್ದು ಅನ್ಯಾಯ. ಆ ಅನ್ಯಾಯಕ್ಕೆ ನಾಯಿ ಹೊಣೆಯಲ್ಲ, ನಾಯಿಯ ಕೂಲಿಯನ್ನು ಅವರಿಗೆ ಎದುರಾಗಿ ನಿಲ್ಲಿಸುವುದೂ ಸರಿಯಲ್ಲ. ಹೆಸರಿಲ್ಲದೆ ದುಡಿದವರ ಸಾಲಿನಲ್ಲಿ ಅವರೂ ಇದ್ದಾರೆ, ಟೆರಿಯೂ ಇದೆ.

ಚಿತ್ರೀಕರಣದ ವೇಳೆ ಕಾವಲುಗಾರನ ಪಾತ್ರಧಾರಿಯೊಬ್ಬ ಅಕಸ್ಮಾತ್ ಟೆರಿಯ ಕಾಲು ತುಳಿದ. ಪೆಟ್ಟು ವಾಸಿಯಾಗುವ ತನಕ ಬೇರೊಂದು ನಾಯಿಯನ್ನು ಬಳಸಬೇಕಾಯಿತು. ಆ ಸೆಟ್ ಮನುಷ್ಯರಿಗೂ ಕ್ಷೇಮವಾಗಿರಲಿಲ್ಲ; ಮಾಟಗಾತಿಯ ಪಾತ್ರ ಮಾಡಿದ ಮಾರ್ಗರೆಟ್ ಹ್ಯಾಮಿಲ್ಟನ್ ಸುಟ್ಟಗಾಯಗಳಿಂದ ವಾರಗಟ್ಟಲೆ ದೂರ ಉಳಿದರು. ಗಾರ್ಲೆಂಡ್‌ಗೆ ಟೆರಿಯನ್ನು ತಾನೇ ಸಾಕಿಕೊಳ್ಳಬೇಕೆಂಬಷ್ಟು ಪ್ರೀತಿ ಬೆಳೆದಿತ್ತು. ಸ್ಪಿಟ್ಜ್ ಕೊಡಲಿಲ್ಲ.

ಟೆರಿಯದು ಒಂದು ಕಾಲಿನ ಪೆಟ್ಟಿಗೆ ಮುಗಿಯಿತು. ಅದೇ ಕಾಲದ ಬೇರೆ ಪ್ರಾಣಿಗಳಿಗೆ ಆ ಭಾಗ್ಯ ಇರಲಿಲ್ಲ, ಇದನ್ನು ಮುಚ್ಚಿಟ್ಟು ಪ್ರಶಸ್ತಿ ಕೇಳಲು ನನಗೆ ಮನಸ್ಸಿಲ್ಲ. 1936ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಚಿತ್ರದಲ್ಲಿ ಓಡುವ ಕುದುರೆಗಳ ಮುಂಗಾಲಿಗೆ ತಂತಿ ಕಟ್ಟಿ ಕೆಡವಲಾಯಿತು. ಎಷ್ಟೋ ಕುದುರೆಗಳು ಸತ್ತವು. 1939ರ ‘ಜೆಸ್ಸಿ ಜೇಮ್ಸ್’ ಚಿತ್ರಕ್ಕಾಗಿ ಕುದುರೆಯನ್ನು ಎತ್ತರದ ಬಂಡೆಯಂಚಿನಿಂದ ನೀರಿಗೆ ಬೀಳಿಸಿದರು, ಅದು ಸತ್ತಿತು. ಆ ಸಾವಿನ ಮೇಲೆ ಎದ್ದ ಪ್ರತಿಭಟನೆಯಿಂದಲೇ 1940ರ ಹೊತ್ತಿಗೆ ಪ್ರಾಣಿಗಳ ರಕ್ಷಣೆಗೆ ದುಡಿಯುವ ಅಮೆರಿಕನ್ ಹ್ಯೂಮೇನ್ ಸಂಸ್ಥೆಯ ಪ್ರತಿನಿಧಿಗಳಿಗೆ ಸೆಟ್‌ಗಳಲ್ಲಿ ನಿಗಾ ಇಡುವ ಅವಕಾಶ ಸಿಕ್ಕಿತು. ಕಾಲಿಗೆ ತಂತಿ ಕಟ್ಟಿ ಕೆಡವುವವನೂ, ಬರಿಯ ಕೈಸನ್ನೆಯಿಂದ ಕೆಲಸ ಮಾಡಿಸುವವನೂ ನಿಮ್ಮ ಪುಸ್ತಕದಲ್ಲಿ ಇವತ್ತಿಗೂ ಒಂದೇ. ಇಬ್ಬರಿಗೂ ಶಿಕ್ಷೆ ಇಲ್ಲ, ಇಬ್ಬರಿಗೂ ಗೌರವ ಇಲ್ಲ. ಒಳ್ಳೆಯ ಕೆಲಸಗಾರನನ್ನು ಹೆಸರಿಟ್ಟು ಮೆಚ್ಚದ ಉದ್ಯಮ ಕೆಟ್ಟ ಕೆಲಸಗಾರನನ್ನು ಹೆಸರಿಟ್ಟು ಹೊರಹಾಕುವುದೂ ಕಷ್ಟ.

ಟೆರಿ 1945ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿತು. ಸ್ಟುಡಿಯೋ ಸಿಟಿಯಲ್ಲಿದ್ದ ತಮ್ಮ ಜಮೀನಿನಲ್ಲೇ ಸ್ಪಿಟ್ಜ್ ಅದನ್ನು ಮಣ್ಣು ಮಾಡಿದರು. 1958ರಲ್ಲಿ ವೆಂಚುರಾ ಹೆದ್ದಾರಿ ಕಟ್ಟುವಾಗ ಆ ಸಮಾಧಿ ನೆಲಸಮವಾಯಿತು. 2011ರಲ್ಲಿ ಹಾಲಿವುಡ್ ಫಾರೆವರ್ ಸ್ಮಶಾನದಲ್ಲಿ ಟೋಟೋಗೆ ಒಂದು ಸ್ಮಾರಕ ಎದ್ದಿತು. ಅದಕ್ಕಾಗಿ ಓಡಾಡಿದವರು ಅಭಿಮಾನಿಗಳು.

ಬೇರೆಯವರು ಪ್ರಯತ್ನಿಸದೆ ಇರಲಿಲ್ಲ. 1951ರಿಂದ ಅಮೆರಿಕನ್ ಹ್ಯೂಮೇನ್ ಸಂಸ್ಥೆ ನಟಿಸುವ ಪ್ರಾಣಿಗಳಿಗೆ ‘ಪ್ಯಾಟ್ಸಿ’ ಎಂಬ ಪ್ರಶಸ್ತಿ ಕೊಡುತ್ತಿತ್ತು. ಮೊದಲ ವರ್ಷ ಫ್ರಾನ್ಸಿಸ್ ಎಂಬ ಹೇಸರಗತ್ತೆ ಗೆದ್ದಿತು. ಆರೆಂಜಿ ಎಂಬ ಬೆಕ್ಕು ಎರಡು ಬಾರಿ ಗೆದ್ದಿತು, ಒಂದು ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಚಿತ್ರಕ್ಕೆ. ಆ ಪ್ರಶಸ್ತಿ 1986ರ ಹೊತ್ತಿಗೆ ನಿಂತುಹೋಯಿತು. ಫ್ರಾನ್ಸ್‌ನ ಕಾನ್ ಚಿತ್ರೋತ್ಸವದ ಸಮಯದಲ್ಲಿ ವಿಮರ್ಶಕರು 2001ರಿಂದ ನಾಯಿಗಳ ಅಭಿನಯಕ್ಕೆ ‘ಪಾಮ್ ಡಾಗ್’ ಪ್ರಶಸ್ತಿ ಕೊಡುತ್ತಿದ್ದಾರೆ. 2023ರಲ್ಲಿ ಅದನ್ನು ಗೆದ್ದದ್ದು ‘ಅನಾಟಮಿ ಆಫ್ ಎ ಫಾಲ್’ ಚಿತ್ರದ ಮೆಸ್ಸಿ ಎಂಬ ನಾಯಿ. ವಿಷವೇರಿ ಪ್ರಜ್ಞೆ ತಪ್ಪಿದ ನಾಯಿಯಾಗಿ ಅದು ಮಾಡಿದ ಅಭಿನಯ ನೋಡಿದವರು ಮರೆಯುವಂಥದ್ದಲ್ಲ. 2024ರಲ್ಲಿ ನೀವು ಮೆಸ್ಸಿಯನ್ನು ನಾಮನಿರ್ದೇಶಿತರ ಭೋಜನಕೂಟಕ್ಕೆ ಬರಮಾಡಿಕೊಂಡಿರಿ, ಸಮಾರಂಭದ ಸಭಾಂಗಣದ ಆಸನದಲ್ಲಿ ಕೂತಿದ್ದನ್ನು ಜಗತ್ತಿಗೆ ತೋರಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಸ್ಸಿಯ ತರಬೇತುದಾರರಾದ ಲಾರಾ ಮಾರ್ಟಿನ್ ಕಾಂಟಿನಿ ಅವರ ಕೆಲಸಕ್ಕೆ ಸ್ಪರ್ಧಿಸಲು ಒಂದು ವಿಭಾಗವೇ ನಿಮ್ಮಲ್ಲಿ ಇರಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ‘ಬೇಬ್’ ಚಿತ್ರದ ಉದಾಹರಣೆ. 1995ರ ಆ ಚಿತ್ರದಲ್ಲಿ ನಿಜವಾದ ಹಂದಿಮರಿಗಳು ಹತ್ತಾರು ನಟಿಸಿದವು. ಮರಿಗಳು ಬೇಗ ಬೆಳೆಯುವುದರಿಂದ ಒಂದರ ನಂತರ ಒಂದನ್ನು ತಯಾರು ಮಾಡಬೇಕಾಯಿತು. ಆ ಚಿತ್ರಕ್ಕೆ ನೀವು ದೃಶ್ಯಪರಿಣಾಮದ ಆಸ್ಕರ್ ಕೊಟ್ಟಿರಿ. ಹಂದಿಯ ಬಾಯಿ ಆಡಿಸಿದ ಕಂಪ್ಯೂಟರ್ ತಂಡಕ್ಕೂ ಯಾಂತ್ರಿಕ ಗೊಂಬೆ ಮಾಡಿದವರಿಗೂ ಪ್ರತಿಮೆ ಸಿಕ್ಕಿತು. ಮರಿಗಳಿಗೆ ಕಲಿಸಿದ ತರಬೇತುದಾರ ಕಾರ್ಲ್ ಲೂಯಿಸ್ ಮಿಲ್ಲರ್ ಅವರಿಗೆ ಸಿಗಲಿಲ್ಲ. ಹುಲಿಯನ್ನು ಬಹುಪಾಲು ಕಂಪ್ಯೂಟರ್‌ನಲ್ಲಿ ಕಟ್ಟಿದ ‘ಲೈಫ್ ಆಫ್ ಪೈ’ ಕೂಡ ಅದೇ ಪ್ರಶಸ್ತಿ ಗೆದ್ದಿತು. ಇಲ್ಲದ ಪ್ರಾಣಿಯನ್ನು ಇದ್ದಂತೆ ತೋರಿಸುವುದು ಕಲೆಯಾದರೆ, ಇರುವ ಪ್ರಾಣಿಯಿಂದ ಭಾವ ಹೊರಡಿಸುವುದು ಕಲೆ ಹೇಗಾಗದು?

ನಾಯಿಗೆ ತಾನು ನಟಿಸುತ್ತಿದ್ದೇನೆಂದು ಗೊತ್ತಿಲ್ಲ, ಪ್ರತಿಮೆ ಕೊಟ್ಟು ಏನು ಪ್ರಯೋಜನ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದ್ದರಿಂದಲೇ ನಾಯಿಗೂ ಕಲಿಸಿದವರಿಗೂ ಜೊತೆಯಾಗಿ ಗೌರವ ಸಲ್ಲಲಿ ಎನ್ನುತ್ತಿದ್ದೇನೆ. ಬರ್ಗನ್ ಅವರಿಗೆ ಕೊಟ್ಟಾಗ ಗೊಂಬೆಗೆ ತಿಳಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಪ್ರಶಸ್ತಿಯ ಆಸೆಗೆ ಪ್ರಾಣಿಗಳನ್ನು ಹಿಂಸಿಸುವವರು ಹೆಚ್ಚಬಹುದು ಎಂಬುದು ಇದಕ್ಕಿಂತ ಗಂಭೀರವಾದ ಆತಂಕ, ಅದನ್ನು ನಾನೂ ಹಂಚಿಕೊಳ್ಳುತ್ತೇನೆ. ಅದಕ್ಕೆ ಮದ್ದು ಪ್ರಶಸ್ತಿಯ ಷರತ್ತಿನಲ್ಲೇ ಇದೆ: ಸೆಟ್‌ನಲ್ಲಿ ಸ್ವತಂತ್ರ ಪರಿವೀಕ್ಷಕರು ಇದ್ದು, ಪ್ರಾಣಿಯ ಕೆಲಸದ ಅವಧಿ, ವಿಶ್ರಾಂತಿ, ತರಬೇತಿಯ ವಿಧಾನ ಎಲ್ಲದರ ಲಿಖಿತ ದಾಖಲೆ ಕೊಟ್ಟ ಚಿತ್ರಗಳನ್ನು ಮಾತ್ರ ಪರಿಗಣಿಸಿ. ನಮ್ಮ ದೇಶದಲ್ಲಿ ಚಿತ್ರಕ್ಕೆ ಪ್ರಾಣಿ ಬಳಸಬೇಕಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಪಡೆಯಲೇಬೇಕು. ತೊಡಕಿನ ಕೆಲಸ ಎಂದು ನಿರ್ಮಾಪಕರು ಗೊಣಗುತ್ತಾರೆ, ಆದರೂ ಚಿತ್ರಗಳು ಬರುತ್ತಿವೆ. 2022ರಲ್ಲಿ ತೆರೆಕಂಡ ಕನ್ನಡದ ‘777 ಚಾರ್ಲಿ’ಯ ಕೇಂದ್ರದಲ್ಲಿದ್ದದ್ದು ಒಂದು ಲ್ಯಾಬ್ರಡಾರ್ ನಾಯಿ. ಅತ್ಯುತ್ತಮ ಕನ್ನಡ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಪ್ರಾಣಿ ತರಬೇತುದಾರರಿಗೆ ವಿಭಾಗ ನಮ್ಮ ರಾಷ್ಟ್ರಪ್ರಶಸ್ತಿಗಳಲ್ಲೂ ಇಲ್ಲ. ನೀವು ಮೊದಲ ಹೆಜ್ಜೆ ಇಟ್ಟರೆ ಇಲ್ಲಿ ಕೇಳುವವರ ಕೈಗೆ ಬಲ ಬರುತ್ತದೆ. ಈ ಪತ್ರವನ್ನು ಕನ್ನಡದಲ್ಲಿ ಬರೆದು ಎಲ್ಲರ ಮುಂದಿಡುತ್ತಿರುವುದಕ್ಕೆ ಅದೂ ಒಂದು ಕಾರಣ.

ಹೊಸ ವಿಭಾಗ ತೆರೆಯುವುದು ಆಗದ ಮಾತು ಎನ್ನುವಂತೆಯೂ ಇಲ್ಲ. ಪಾತ್ರವರ್ಗದ ಆಯ್ಕೆಗೆ 98ನೇ ಸಮಾರಂಭದಿಂದ ಪ್ರಶಸ್ತಿ ಎಂದು ತೀರ್ಮಾನಿಸಿದಿರಿ. ಸಾಹಸ ವಿನ್ಯಾಸಕ್ಕೆ 100ನೇ ಸಮಾರಂಭದಿಂದ ಪ್ರಶಸ್ತಿ ಎಂದು 2025ರಲ್ಲಿ ಘೋಷಿಸಿದಿರಿ. ಸಾಹಸ ಕಲಾವಿದರು ಅದಕ್ಕಾಗಿ ದಶಕಗಟ್ಟಲೆ ಕೇಳಿಕೊಳ್ಳುತ್ತಾ ಬಂದಿದ್ದರು. ಪ್ರಾಣಿಗಳ ಪರವಾಗಿ ಕೇಳುವ ಸಂಘ ಅಷ್ಟು ದೊಡ್ಡದಲ್ಲ.

ಆದ್ದರಿಂದ ನನ್ನ ಬೇಡಿಕೆಗಳು ಇವು. ‘ದಿ ವಿಜರ್ಡ್ ಆಫ್ ಓಜ್’ ಚಿತ್ರದ ಟೆರಿಗೂ ಕಾರ್ಲ್ ಸ್ಪಿಟ್ಜ್ ಅವರಿಗೂ ಜಂಟಿಯಾಗಿ ಮರಣೋತ್ತರ ವಿಶೇಷ ಗೌರವ ಘೋಷಿಸಿ. ಟೆಂಪಲ್‌ಗೂ ಗಾರ್ಲೆಂಡ್‌ಗೂ ಕೊಟ್ಟಂಥ ಕಿರು ಪ್ರತಿಮೆಯಾದರೆ ಇನ್ನೂ ಉಚಿತ. ಲಾಸ್ ಏಂಜಲೀಸ್‌ನ ನಿಮ್ಮ ವಸ್ತುಸಂಗ್ರಹಾಲಯದಲ್ಲಿ ಡೊರೋತಿಯ ಕೆಂಪು ಪಾದರಕ್ಷೆಗಳಿವೆ. ಅವುಗಳ ಪಕ್ಕದಲ್ಲೇ ಟೆರಿ ಎಂಬ ನಿಜ ಹೆಸರಿಗೂ ಸ್ಪಿಟ್ಜ್ ಅವರ ಮೌನ ಸನ್ನೆಗಳ ವಿವರಕ್ಕೂ ಶಾಶ್ವತವಾದ ಜಾಗ ಕೊಡಿ. ಮುಂದಿನ ಚಿತ್ರಗಳ ಮಟ್ಟಿಗೆ, ಮುಖ್ಯ ಪಾತ್ರ ಮಾಡಿದ ಪ್ರಾಣಿಯ ಸ್ವಂತ ಹೆಸರು ಹಾಗೂ ತರಬೇತುದಾರರ ಹೆಸರು ನಾಮಾವಳಿಯಲ್ಲಿ ಸ್ಪಷ್ಟವಾಗಿ ಇರಬೇಕೆಂಬುದನ್ನು ಆಸ್ಕರ್ ಅರ್ಹತೆಯ ನಿಯಮಗಳಲ್ಲೇ ಸೇರಿಸಿ. ಇದಕ್ಕೆ ಖರ್ಚೂ ಇಲ್ಲ, ಕಾಯುವ ಅಗತ್ಯವೂ ಇಲ್ಲ. ಪ್ರಾಣಿ ತರಬೇತಿಗೆ ಪ್ರತ್ಯೇಕ ವಿಭಾಗ ತೆರೆಯುವ ಬಗ್ಗೆ ಪರಿಶೀಲಿಸಲು ತರಬೇತುದಾರರು, ಪಶುವೈದ್ಯರು, ಪ್ರಾಣಿ ಕಲ್ಯಾಣ ಸಂಸ್ಥೆಗಳ ಪ್ರತಿನಿಧಿಗಳು ಇರುವ ಸಮಿತಿಯೊಂದನ್ನು ರಚಿಸಿ, ಅದರ ವರದಿಯನ್ನು ಸಾರ್ವಜನಿಕರ ಮುಂದಿಡಿ.

‘ಓಜ್’ ಚಿತ್ರಕ್ಕೆ 2039ಕ್ಕೆ ನೂರು ವರ್ಷ ತುಂಬುತ್ತದೆ. ಗೌರವವನ್ನು ಆ ಶತಮಾನೋತ್ಸವಕ್ಕೆಂದು ಎತ್ತಿಡಬೇಡಿ. ನಿಮ್ಮ 100ನೇ ಸಮಾರಂಭ 2028ರಲ್ಲಿ ಬರುತ್ತಿದೆ. ಅದರೊಳಗೆ ಮೊದಲ ಬೇಡಿಕೆಯನ್ನಾದರೂ ಈಡೇರಿಸಿಕೊಡಬೇಕೆಂದು ಕೋರುತ್ತಾ, ನಿಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ನಿಮ್ಮ ವಿಶ್ವಾಸಿ,
ಕರ್ನಾಟಕದ ಒಬ್ಬ ಚಿತ್ರಪ್ರೇಕ್ಷಕಿ